ಬಚ್ಚಲು ತೊಳೆಯುವ ಆಸಿಡ್‌ನಲ್ಲಿ ಗೋಡೆ ಹುಡುಕಿದ್ದು

ಹಳೆ ಗೋವಾದ ಸೆ ಕೆಥೆಡ್ರಲ್ ಅನ್ನೋ ದೊಡ್ಡ ಚರ್ಚಿನ ಆಸುಪಾಸಿನಲ್ಲಿ ಹಳೇ ಮನೆಗಳ ಕುರುಹು ಹುಡುಕಿ ಅಗೆದವರಿಗೆ ಗೊತ್ತು, ಅಲ್ಲಿ ಕಣ್ಣು ನಂಬಿದರೆ ಕೆಟ್ಟೆವು. ಗೋಡೆ ಜಂಬಿಟ್ಟಿಗೆ ಕಲ್ಲಿನದು, ಕೆಳಗಿನ ನೆಲವೂ ಜಂಬಿಟ್ಟಿಗೆ, ಮೇಲಿನ ಮಣ್ಣೂ ಅದರದ್ದೇ ಪುಡಿ. ನಾನು ಕುಮಟಾ ಕಡೆಯವನು, ಇದೇ ಕಲ್ಲಿನ ಮನೆಯಲ್ಲಿ ಬೆಳೆದವನು. ಆದರೂ ಮೊದಲ ವರ್ಷ ಒಂದಡಿ ಗೋಡೆ ಸಿಗಲಿಲ್ಲ.

ಗೋಡೆ ಅಲ್ಲಿದ್ದರೆ ತಾನೇ ಸಿಗೋದು? ಕಾಯಿಲೆಗೆ ಹೆದರಿ ಊರು ಖಾಲಿಯಾಯಿತು. 1843ರಲ್ಲಿ ಪೋರ್ಚುಗೀಸರ ರಾಜಧಾನಿಯ ಪಟ್ಟವೂ ಪಣಜಿಗೆ ಹೋಯಿತು. ಕಲ್ಲುಗಳೂ ಹೋದವು, ಪಾಯದ್ದೂ ಬಿಡಲಿಲ್ಲ. ಕೆಥೆಡ್ರಲ್ ಉಳಿಯಿತು, ಅದೂ 1776ರಲ್ಲಿ ಬಿದ್ದ ಒಂದು ಗೋಪುರ ಬಿಟ್ಟು.

ನೆಲದೊಳಗೆ ಏನಿದೆ ಅಂತ ತೋರಿಸುವ ರೇಡಾರ್ ತರಿಸಿದೆವು. ಬಾಡಿಗೆ, ಸಾಗಾಟ, ಹುಡುಗರ ಊಟ ವಸತಿ ಸೇರಿ ಒಂದೂವರೆ ಲಕ್ಷದ ಹತ್ತಿರ. ಮಳೆ ನಿಂತು ಎರಡು ವಾರವೂ ಆಗಿರಲಿಲ್ಲ. ಒದ್ದೆ ಜೇಡಿ ಸಿಗ್ನಲ್ಲನ್ನೆಲ್ಲ ನುಂಗಿತು. ಸ್ಕ್ರೀನ್ ಮೇಲೆ ಬರೀ ಬೂದು ಗಂಜಿ.

ದಾರಿ ತೋರಿಸಿದ್ದು ವಿಜಯಪುರ ಕಡೆಯಿಂದ ಕೂಲಿಗೆ ಬಂದಿದ್ದ ಒಬ್ಬ ಹಿರಿಯರು. "ಸಾಹೇಬ್ರ, ಇಲ್ಲಿ ಸಲಿಕಿ ಹಾಕಿದ್ರ ಕರಕರ ಅಂತೈತ್ರಿ, ಅಲ್ಲಿ ಅನ್ನಂಗಿಲ್ಲ" ಅಂದರು. ಮಣ್ಣು ಉಜ್ಜಿ ನೋಡಿದೆ. ಎಳ್ಳಿನಷ್ಟು ಬಿಳಿ ಕಾಳುಗಳು. ಗಾರೆ! ಕಲ್ಲು ಕದ್ದವರು ಗಾರೆ ಉದುರಿಸಿ ಅದೇ ಗುಂಡಿಗೆ ಹಾಕಿದ್ದಾರೆ. ಅಂದರೆ ಗೋಡೆ ಇದ್ದ ಜಾಗದಲ್ಲೆಲ್ಲ ಸುಣ್ಣ ಇರಬೇಕು.

ಅರ್ಧ ಮೀಟರ್‌ಗೊಂದರಂತೆ ಮಣ್ಣು ತೆಗೆದೆ. ಒಂದಡಿ ಕೆಳಗಿನದು, ಯಾಕಂದರೆ ವರ್ಷಕ್ಕೆ 3000 ಮಿ.ಮೀ. ಸುರಿಯುವ ಮಳೆಗೆ ಮೇಲಿನ ಸುಣ್ಣ ಕರಗಿಹೋಗಿರುತ್ತದೆ. ಬಿಳಿ ಸಾಸರ್‌ನಲ್ಲಿ ಒಂದು ಚಮಚ ಮಣ್ಣು, ಮೇಲೆ ನೀರು ಬೆರೆಸಿದ ಆಸಿಡ್ ಎರಡು ಹನಿ. ಬುರುಗು ಬಂದಷ್ಟಕ್ಕೆ ಸೊನ್ನೆಯಿಂದ ಮೂರು ಮಾರ್ಕು, ಗ್ರಾಫ್ ಹಾಳೆ ಮೇಲೆ. ಗುಂಡಿಯೊಳಗೆ ಮಾತ್ರ ನೇರ ಹನಿಸಬೇಡಿ, ಇದ್ದಬದ್ದ ಗಾರೆಯೂ ಹೋಗುತ್ತದೆ. ಸುಮಾರು 600 ಸ್ಯಾಂಪಲ್‌ಗೆ ಒಟ್ಟು ಖರ್ಚು ಎಂಟುನೂರೋ ಒಂಬೈನೂರೋ. "ಅಗೆಯೋಕೆ ಬಂದಿದ್ದೀಯೋ ಬಚ್ಚಲು ತೊಳೆಯೋಕೋ?" ಅಂತ ನಮ್ಮ ಸೀನಿಯರ್ ಎಲ್ಲರೆದುರೇ ನಕ್ಕರು.

ನಗೋ ಹಾಗೇ ಆಯಿತು. ಹಾಳೆ ಮೇಲೆ ಚೆಂದದ ನೆಟ್ಟಗಿನ ಗೆರೆ ಬಂತು. ಆರು ಆಳು, ನಾಲ್ಕು ದಿನ, ಹದಿನಾಲ್ಕು ಸಾವಿರ ಕೂಲಿ. ಸಿಕ್ಕಿದ್ದು ಯಾರೋ ಉಂಡು ಎಸೆದ ಚಿಪ್ಪಿನ ರಾಶಿ. ಮಾಂಡವಿ ನದಿ ಪಕ್ಕದಲ್ಲೇ ಇದೆ, ಚಿಪ್ಪಿಗೂ ಆಸಿಡ್ ಬಿದ್ದರೆ ಬುರುಗು ಬರುತ್ತದೆ ಅನ್ನೋದು ನನಗೇ ಹೊಳೆಯಲಿಲ್ಲ. ಆಮೇಲೆ ಚಿಪ್ಪಿನ ಬುರುಗು ಯಾವುದು, ಗಾರೆಯದ್ದು ಯಾವುದು ಅಂತ ಬೇರೆ ಮಾಡೋದು ಕಲಿತೆ. ನೀರು ಎಷ್ಟು, ಎಷ್ಟು ಸೆಕೆಂಡ್ ಕಾಯಬೇಕು, ಅದು ಸದ್ಯ ನನ್ನ ಹತ್ತಿರವೇ ಇರಲಿ.

ಆ ಮಳೆಗಾಲ ಸುಮ್ನೆ ಕೂರಲಿಲ್ಲ. ಊರಲ್ಲಿ ಚಿಪ್ಪು ಸುಟ್ಟು, ಬೆಲ್ಲದ ನೀರು ಹಾಕಿ ನಾನೇ ಗಾರೆ ಕಲಸಿದೆ. ಮೊದಲ ಉಂಡೆಯನ್ನು ಇರುವೆ ಮುತ್ತಿದವು, ಅಮ್ಮ ಬೈದರು. ಎರಡನೆಯದನ್ನು ಬೆಲ್ಲವಿಲ್ಲದೆ ಮಾಡಿ ತೋಟದಲ್ಲಿ ಹೂತಿಟ್ಟೆ. ದೀಪಾವಳಿಗೆ ತೆಗೆದಾಗ ಅಂಚು ಸವೆದಿತ್ತು, ಒಳಗು ಗಟ್ಟಿ. ಆಸಿಡ್‌ಗೆ ಚೆನ್ನಾಗಿ ಬುಸುಗುಟ್ಟಿತು.

ಎರಡನೇ ವರ್ಷ ಮೂರು ಮಾರ್ಕು ಬಿದ್ದಲ್ಲಿ ಮಾತ್ರ ಅಗೆದೆವು. ಕಲ್ಲು ಕಿತ್ತವರು ಬಿಟ್ಟ ಮುಕ್ಕಾಲು ಮೀಟರ್ ಅಗಲದ ಗುಂಡಿ, ಹನ್ನೊಂದು ಮೀಟರ್ ಓಡಿ ಮೂಲೆಯಲ್ಲಿ ತಿರುಗಿತು. ಇಡೀ ಮನೆಯ ಮೂಲೆ! ಒಳಗಡೆ ನೆಲದ ಮೇಲೆ ನೀಲಿ ಬಿಳಿ ಚೀನಿ ಪಿಂಗಾಣಿ ಚೂರು, ಕಿಟಕಿಗೆ ಗಾಜಿನ ಬದಲು ಕೂರಿಸುತ್ತಿದ್ದ ತೆಳು ಚಿಪ್ಪು. ನನಗೆ ಖುಷಿ ಕೊಟ್ಟಿದ್ದು ಇವಲ್ಲ. ಗುಂಡಿಯ ತಳದಲ್ಲಿ ಮಂಗಳೂರು ಹೆಂಚಿನ ತುಂಡು ಸಿಕ್ಕಿತು. ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ. ಅಂದರೆ ರಾಜಧಾನಿ ಹೋಗಿ ಇಪ್ಪತ್ತು ವರ್ಷ ದಾಟಿದ ಮೇಲೂ ಇಲ್ಲಿಂದ ಕಲ್ಲು ಕೀಳುತ್ತಲೇ ಇದ್ದರು.

"ಇಲಿ ಬಿಲದಿಂದ ಇಳಿದಿರುತ್ತೆ" ಅಂದರು ಸೀನಿಯರ್. ಮೂರು ದಿನ ಬಿಟ್ಟು ಎರಡನೇ ತುಂಡು ಸಿಕ್ಕಿತು, ಕದಲದ ಗಾರೆ ರಾಶಿಯ ಅಡಿಯಲ್ಲಿ. ಎತ್ತುವ ಮೊದಲು ಅವರನ್ನೇ ಕರೆದು ತೋರಿಸಿ ಫೋಟೋ ತೆಗೆದೆ. ಅವರು ಏನೂ ಅನ್ನಲಿಲ್ಲ. ಮರುದಿನ ಚಹಾ ಕುಡಿಯುವಾಗ ಮೆಲ್ಲಗೆ ಕೇಳಿದರು, "ಆ ಬಾಟ್ಲಿ ಯಾವ ಅಂಗಡೀಲಿ ತಗೊಂಡೆ?"