ಬೆಲೆ ಎಲ್ಲಿ ಇಳಿಯುತ್ತೋ ಅಲ್ಲಿಗೆ ದುಡ್ಡು

ಪರಿಸರಕ್ಕೆ ಹೊರೆಯಾಗದಂತೆ ಆರೋಗ್ಯಕರ ಆಹಾರ ತಯಾರಿಸುವ ಸಣ್ಣ ಉದ್ಯಮಗಳಿಗೆ ಬಂಡವಾಳ ಒದಗಿಸುವುದು ನನ್ನ ಕೆಲಸ. ವಿಶ್ವಸಂಸ್ಥೆಯ 2024ರ ವರದಿಯ ಪ್ರಕಾರ, 2022ರಲ್ಲಿ ಜಗತ್ತಿನ 280 ಕೋಟಿಗೂ ಹೆಚ್ಚು ಜನರಿಗೆ ಪೌಷ್ಟಿಕ ಊಟದ ಖರ್ಚು ಭರಿಸಲು ಆಗುತ್ತಿರಲಿಲ್ಲ. ಹಾಗಾಗಿ ಯಾರೇ ಬರಲಿ, ನಾನು ಮೊದಲು ಕೇಳುವುದು ಒಂದೇ ಮಾತು: ಈ ದುಡ್ಡು ಸಿಕ್ಕರೆ ಕೊಳ್ಳುವವರಿಗೆ ಬೆಲೆ ಎಲ್ಲಿ ಇಳಿಯುತ್ತದೆ?

ಹೆಚ್ಚಿನವರು ಪ್ಯಾಕಿಂಗ್, ಬ್ರ್ಯಾಂಡ್, ಜಾಹೀರಾತು ಅನ್ನುತ್ತಾರೆ. ಅದಕ್ಕೆಲ್ಲ ಖರ್ಚು ಮಾಡಿದರೆ ಸರಕು ಇನ್ನೂ ದುಬಾರಿಯಾಗುತ್ತದೆ, ಅಲ್ವಾ?

ಜೊತೆಗೆ ಕೂತು ಒಂದು ಪೊಟ್ಟಣದ ಖರ್ಚು ಬರೆಸುತ್ತೇನೆ. ಕಚ್ಚಾ ಸಾಮಗ್ರಿ, ಕೂಲಿ, ಕರೆಂಟು, ಸಾಗಣೆ, ಅಂಗಡಿಯವರ ಮಾರ್ಜಿನ್, ಎಲ್ಲ ಬರುತ್ತದೆ. ಬಿಟ್ಟುಹೋಗುವುದು ಕೆಟ್ಟು ಎಸೆದ ಮಾಲಿನ ಲೆಕ್ಕ. ನೂರು ಪೊಟ್ಟಣದಲ್ಲಿ ಇಪ್ಪತ್ತು ಹಾಳಾದರೆ, ನೂರರ ಖರ್ಚನ್ನೂ ಉಳಿದ ಎಂಬತ್ತೇ ಹೊರಬೇಕು. ಅಂದರೆ ಒಂದೊಂದರ ಖರ್ಚು 25% ಏರಿತು. ಇಂಥ ಕಡೆ ಸುಮ್ನೆ ದೊಡ್ಡ ಮಷೀನ್ ತಂದರೆ ಹಾಳಾಗುವ ಮಾಲೂ ಜಾಸ್ತಿಯಾಗುತ್ತದೆ. ನಾನು ಶೀತಲ ಪೆಟ್ಟಿಗೆಗೆ, ಒಣಗಿಸುವ ಯಂತ್ರಕ್ಕೆ ಸಾಲ ಕೊಡುತ್ತೇನೆ.

ಇನ್ನೊಂದು ತೊಂದರೆ ಕೈಯಲ್ಲಿ ಕಾಸು ಓಡಾಡದಿರುವುದು. ಬೆಳೆಗಾರರಿಗೆ ಅಂದೇ ಕೊಡಬೇಕು, ಅಂಗಡಿಗಳಿಂದ ಬಿಲ್ಲಿನ ಹಣ ಬರುವಾಗ ಒಂದೆರಡು ತಿಂಗಳಾಗುತ್ತದೆ. ಅಷ್ಟರೊಳಗೆ ಉದ್ಯಮಿ ಕಚ್ಚಾ ಸಾಮಗ್ರಿಯನ್ನು ವ್ಯಾಪಾರಿಗಳಿಂದ ಸ್ವಲ್ಪ ಸ್ವಲ್ಪವೇ, ಜಾಸ್ತಿ ದರಕ್ಕೆ, ಉದ್ದರಿಯಲ್ಲಿ ತರುತ್ತಾರೆ. ಸುಗ್ಗಿಯಲ್ಲಿ ಒಟ್ಟಿಗೆ ಕೊಳ್ಳುವಷ್ಟು ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನದಿನದ ವ್ಯವಹಾರ ನಡೆಸುವ ಹಣ, ಇದ್ದರೆ ಬೆಲೆ ಇಳಿಸಲು ಅಲ್ಲೇ ದಾರಿ ಸಿಗುತ್ತದೆ. ಬ್ಯಾಂಕುಗಳು ಎಷ್ಟೋ ಸಲ ಅಡಮಾನ ಕೇಳುತ್ತವೆ. ನಾನು ಅಂಗಡಿಗಳ ಖರೀದಿ ಆರ್ಡರ್ ನೋಡಿ ಕೊಡುತ್ತೇನೆ.

ಮರುಪಾವತಿಗೆ ನಿಗದಿತ ಕಂತು ಇಡುವುದಿಲ್ಲ. ತಿಂಗಳ ಮಾರಾಟದಲ್ಲಿ ಇಂತಿಷ್ಟು ಶೇಕಡಾ ಬರಬೇಕು, ಒಟ್ಟು ಎಷ್ಟು ವಾಪಸ್ ಎಂಬುದಕ್ಕೂ ಮಿತಿ ಇರುತ್ತದೆ. ವ್ಯಾಪಾರ ಕುಗ್ಗಿದ ತಿಂಗಳು ಕಂತೂ ಕುಗ್ಗುತ್ತದೆ. ಕಂಪನಿಯಲ್ಲಿ ಪಾಲು ನಾನು ಕೇಳುವುದು ತೀರಾ ಅಪರೂಪ. ಪಾಲು ಪಡೆದ ಹೂಡಿಕೆದಾರರು ಬೇಗ ಬೆಳೆಯಿರಿ, ಲಾಭ ಹೆಚ್ಚಿಸಿ ಅನ್ನುತ್ತಾರೆ. ಆ ಒತ್ತಡ ಕೊನೆಗೆ ಬರುವುದು ಬೆಲೆಯ ಮೇಲೇ. ಲ್ಯಾಬ್ ಪರೀಕ್ಷೆ, ಪ್ರಮಾಣಪತ್ರ ಇವುಗಳಿಂದ ತಕ್ಷಣ ಆದಾಯ ಬರುವುದಿಲ್ಲ. ಅವಕ್ಕೆ ಅನುದಾನವೇ ಸರಿ.

ಒಪ್ಪಂದದಲ್ಲಿ ಎರಡು ಷರತ್ತು ಬಿಡುವುದಿಲ್ಲ. ಉಳಿತಾಯದಲ್ಲಿ ಒಂದು ಭಾಗ ಬೆಲೆ ಇಳಿಕೆಗೆ ಹೋಗಬೇಕು. ಬೆಳೆಗಾರರಿಗೆ ಕೊಡುವ ದರ ಕಡಿಮೆಯಾಗಬಾರದು. ಇದಕ್ಕಾಗಿ ಮೂರು ತಿಂಗಳಿಗೊಮ್ಮೆ ಖರೀದಿ ರಸೀದಿ, ಮಾರಾಟದ ಬಿಲ್ಲು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಬೆಳೆಗಾರರ ದರ ಇಳಿದಿದ್ದರೆ ಮುಂದಿನ ಕಂತಿನ ಸಾಲ ಬಿಡುಗಡೆ ಮಾಡುವುದಿಲ್ಲ.