ಆ್ಯನ್ ಆರ್ಬರ್‌ನಲ್ಲಿ ಮೊದಲ ಬೇಸಿಗೆ: ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬಂದವರಿಗೆ

ಮೇ ತಿಂಗಳು ಬಂತು ಅಂದರೆ ನಮ್ಮ ಕಡೆಯಿಂದ ಹೊಸದಾಗಿ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಮಕ್ಕಳಿಗೆ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ರಜೆ, ಅದೇ ಹೊತ್ತಿಗೆ ಬಳ್ಳಾರಿಯಿಂದಲೋ ಸಿಂಧನೂರಿನಿಂದಲೋ ಅಪ್ಪ ಅಮ್ಮ ಬಂದಿರುತ್ತಾರೆ, ಗಂಡ ಅಥವಾ ಹೆಂಡತಿ ಡಿಪೆಂಡೆಂಟ್ ವೀಸಾದಲ್ಲಿ ಮನೆಯಲ್ಲೇ ಇರುತ್ತಾರೆ, ಎಲ್ಲರೂ ಸುಮ್ನೆ ಟಿವಿ ಮುಂದೆ ಎಷ್ಟು ದಿನ ಕೂರೋದು? ಕೇಳಿದವರಿಗೆಲ್ಲ ನಯಾಗರ, ಷಿಕಾಗೊ ಅಂತ ಉತ್ತರ ಸಿಗುತ್ತದೆ. ಹೋಗಿ ಬನ್ನಿ, ಚೆನ್ನಾಗಿವೆ. ಆದರೆ ಅವೆರಡೂ ಸೇರಿ ಎರಡು ವಾರಾಂತ್ಯದ ಮಾತು. ಉಳಿದ ವಾರಗಳಿಗೆ ಈ ಊರೇ ಸಾಕು ಅನ್ನುವುದು ನನ್ನ ಮಾತು.

ಅಮೆರಿಕದ ಮಿಶಿಗನ್ ರಾಜ್ಯದ ಈ ಆ್ಯನ್ ಆರ್ಬರ್ ದೊಡ್ಡ ಊರಲ್ಲ. ಜನಸಂಖ್ಯೆ ಹೆಚ್ಚುಕಡಿಮೆ ಗಂಗಾವತಿಯಷ್ಟೇ. ಆದರೆ ಯೂನಿವರ್ಸಿಟಿ ಆಫ್ ಮಿಶಿಗನ್ ಇಲ್ಲಿರುವುದರಿಂದ ನಡೆದು ಹೋಗುವಷ್ಟು ದೂರದಲ್ಲೇ ಮೂರು ಒಳ್ಳೆಯ ಮ್ಯೂಸಿಯಂಗಳಿವೆ. ಮೇ ಮೊದಲ ವಾರ ಕಳೆದರೆ ಹೆಚ್ಚಿನ ವಿದ್ಯಾರ್ಥಿಗಳು ಊರಿಗೆ ಹೋಗಿಬಿಡುತ್ತಾರೆ, ಬೀದಿ ಖಾಲಿ ಆಗುತ್ತದೆ, ಕಾರು ನಿಲ್ಲಿಸಲು ಜಾಗ ಸಿಗುತ್ತದೆ. ಯೂನಿವರ್ಸಿಟಿಯ ನೀಲಿ ಬಸ್ಸಿಗೆ ಟಿಕೆಟ್ ಇಲ್ಲ. ಈ ಮೂರು ಮ್ಯೂಸಿಯಂಗಳಿಗೂ ಟಿಕೆಟ್ ಇಲ್ಲ. ಬಾಗಿಲಲ್ಲಿ ದೇಣಿಗೆ ಡಬ್ಬಿ ಇರುತ್ತದೆ, ಹಾಕಲೇಬೇಕು ಅಂತೇನಿಲ್ಲ, ಸಂಕೋಚ ಬೇಡ.

ನಮ್ಮ ಕಡೆಯವರಲ್ಲಿ ಒಂದು ಹಿಂಜರಿಕೆಯನ್ನು ಪದೇಪದೇ ನೋಡುತ್ತೇನೆ. ಅವೆಲ್ಲ ಇಂಗ್ಲಿಷಿನವರಿಗೆ, ತುಂಬಾ ಓದಿದವರಿಗೆ, ನಮಗೇನು ತಿಳಿಯುತ್ತೆ ಅನ್ನುತ್ತಾರೆ. ಇದನ್ನು ಕೇಳಿದರೆ ನನಗೆ ನಿಜಕ್ಕೂ ಬೇಸರ ಆಗುತ್ತದೆ. ಮಸ್ಕಿ, ಕುಡತಿನಿ, ಹಿರೇಬೆಣಕಲ್ ಅಂಥ ಪುರಾತನ ಜಾಗಗಳಿರುವ ನೆಲದಿಂದ ಬಂದವರು ನಾವು. ಹಳೆಯ ಕಲ್ಲು, ಹಳೆಯ ಮಡಕೆ ನಮಗೆ ಹೊಸದಲ್ಲ. ಇಲ್ಲಿ ಇಟ್ಟಿರುವ ಎಷ್ಟೋ ವಸ್ತುಗಳ ಬಗ್ಗೆ ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುವಷ್ಟು ಪಕ್ಕದಲ್ಲಿ ನಿಂತ ಬೇರೆಯವರಿಗೆ ಗೊತ್ತಿರುವುದಿಲ್ಲ.

ಅದಕ್ಕೇ ಮೊದಲು ಕೆಲ್ಸೀ ಮ್ಯೂಸಿಯಂಗೆ ಹೋಗಿ ಅಂತ ಹೇಳುತ್ತೇನೆ. ಸ್ಟೇಟ್ ಸ್ಟ್ರೀಟ್‌ನಲ್ಲಿದೆ, ಪುಟ್ಟ ಕೋಟೆಯ ಹಾಗೆ ಕಾಣುವ ಹಳೆಯ ಕಲ್ಲು ಕಟ್ಟಡ. ಈಜಿಪ್ಟಿನ ಕರಾನಿಸ್ ಎನ್ನುವ ರೈತರ ಊರನ್ನು ಈ ಯೂನಿವರ್ಸಿಟಿಯವರು 1924ರಿಂದ 1935ರವರೆಗೆ ಅಗೆದರು. ಗ್ರೀಕರ, ರೋಮನ್ನರ ಆಳ್ವಿಕೆಯ ಕಾಲದಲ್ಲಿ ಜನ ಬದುಕಿದ್ದ ಊರು ಅದು. ಒಣ ಮರಳಿನಲ್ಲಿ ಹೂತಿದ್ದರಿಂದ ಬುಟ್ಟಿ, ಬಟ್ಟೆ, ಮರದ ಸಾಮಾನು, ಮಕ್ಕಳ ಆಟಿಕೆ ಎಲ್ಲ ಹಾಗೇ ಉಳಿದುಕೊಂಡವು. ರಾಜರ ಚಿನ್ನ ಅಲ್ಲ, ಮನೆಮಂದಿ ದಿನಾ ಬಳಸಿದ ಸಾಮಾನು. ಕುಷ್ಟಗಿಯಿಂದ ಬಂದ ಅಜ್ಜಿ ಇದರ ಮುಂದೆ ನಿಂತರೆ ಮಾತಿಗೆ ಕೊನೆ ಇರುವುದಿಲ್ಲ. ಮೊರ ಹೆಣೆಯೋದು ಹೇಗೆ, ಕಾಳು ಕೆಡದಂತೆ ಇಡೋದು ಹೇಗೆ, ಬೀಸುಕಲ್ಲಿಗೆ ಹಲ್ಲು ಹೊಡೆಸೋದು ಯಾಕೆ. ಮೊಮ್ಮಕ್ಕಳಿಗೆ ವಿವರಿಸುವ ಕೆಲಸವನ್ನು ಅಜ್ಜಿಗೇ ಬಿಡಿ. ನೀವು ಪಕ್ಕದ ಫಲಕ ಓದಿ ಎರಡು ಸಾಲಿನಲ್ಲಿ ಕನ್ನಡದಲ್ಲಿ ಹೇಳಿದರೆ ಸಾಕು.

ಅಲ್ಲೇ ಲ್ಯಾಟಿನ್ ಅಕ್ಷರ ಕೆತ್ತಿದ ಕಲ್ಲುಗಳೂ ಇವೆ. ರಾಯಚೂರು ಜಿಲ್ಲೆಯವರು ಇಲ್ಲಿ ಮಕ್ಕಳಿಗೆ ಮಸ್ಕಿಯ ಕಥೆ ಹೇಳಲೇಬೇಕು. ದೇವಾನಾಂಪ್ರಿಯ ಅಂತ ಕರೆಸಿಕೊಂಡ ರಾಜ ಯಾರು ಅನ್ನುವುದು ಬಹಳ ಕಾಲ ಚರ್ಚೆಯಲ್ಲಿತ್ತು. 1915ರಲ್ಲಿ ಮಸ್ಕಿಯ ಬಂಡೆಗಲ್ಲಿನ ಮೇಲೆ ಅಶೋಕ ಎನ್ನುವ ಹೆಸರೇ ಸಿಕ್ಕಿತು. ಕೊಪ್ಪಳದವರಿಗೆ ಗವಿಮಠದ ಬೆಟ್ಟ, ಪಾಲ್ಕಿಗುಂಡಿನ ಶಾಸನಗಳಿವೆ. ಬಳ್ಳಾರಿಯವರು ಸಂಗನಕಲ್ಲಿನ ಬೆಟ್ಟದಲ್ಲಿ ಕಲ್ಲಿನ ಕೊಡಲಿ ಮಾಡುತ್ತಿದ್ದವರ ಬಗ್ಗೆ ಹೇಳಬಹುದು, ಕುಡತಿನಿಯ ಬೂದಿದಿಬ್ಬದ ಬಗ್ಗೆ ಹೇಳಬಹುದು. ದನ ಸಾಕುತ್ತಿದ್ದ ಜನ ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಸಗಣಿಯ ರಾಶಿ ಸುಟ್ಟು ಸುಟ್ಟು ಆದ ದಿಬ್ಬ ಅದು. ಸಂಗನಕಲ್ಲಿನ ವಸ್ತುಗಳಿಗಾಗಿ ಬಳ್ಳಾರಿಯಲ್ಲೇ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ. ಮುಂದಿನ ಸಲ ಊರಿಗೆ ಹೋದಾಗ ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗಿ, ಆಗ ಇಲ್ಲಿ ನೋಡಿದ್ದಕ್ಕೆ ಅರ್ಥ ಜಾಸ್ತಿ ಆಗುತ್ತದೆ.

ಎರಡನೆಯದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. 2019ರಿಂದ ಹೊಸ ಕಟ್ಟಡದಲ್ಲಿದೆ. ಮಕ್ಕಳಿಗೆ ಇದನ್ನು ನಾನು ಪರಿಚಯ ಮಾಡಿಕೊಡಬೇಕಿಲ್ಲ, ಡೈನೋಸಾರ್ ಅಂದರೆ ಸಾಕು ಓಡುತ್ತಾರೆ. ಆದರೆ ನೀವು ತಲೆ ಎತ್ತಿ ನೋಡಬೇಕಾದದ್ದು ಮೇಲೆ ತೂಗುಬಿಟ್ಟಿರುವ ಹಳೆಯ ತಿಮಿಂಗಿಲಗಳ ಅಸ್ಥಿಪಂಜರ. ತಿಮಿಂಗಿಲದ ಪೂರ್ವಜರು ನೆಲದ ಮೇಲೆ ನಡೆಯುತ್ತಿದ್ದ ಪ್ರಾಣಿಗಳು. ಅದನ್ನು ತಿಳಿಯಲು ಇಲ್ಲಿನ ವಿಜ್ಞಾನಿಗಳು ಪಾಕಿಸ್ತಾನ, ಈಜಿಪ್ಟ್‌ಗಳಲ್ಲಿ ಪಳೆಯುಳಿಕೆ ಹುಡುಕಿ ತುಂಬಾ ಕೆಲಸ ಮಾಡಿದ್ದಾರೆ. ಮಾಸ್ಟಡಾನ್ ಎನ್ನುವ ಆನೆಯಂಥ ಪ್ರಾಣಿಯ ಎರಡು ಅಸ್ಥಿಪಂಜರಗಳೂ ಇವೆ, ಅದು ಮಿಶಿಗನ್ ರಾಜ್ಯದ ಅಧಿಕೃತ ಪಳೆಯುಳಿಕೆ. ಗಾಜಿನ ಗೋಡೆಯ ಆಚೆ ನಿಜವಾದ ಲ್ಯಾಬ್‌ಗಳಲ್ಲಿ ಸಂಶೋಧಕರು ಕೆಲಸ ಮಾಡುವುದು ಕಾಣುತ್ತದೆ. ಹೈಸ್ಕೂಲ್ ಮಕ್ಕಳಿದ್ದರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಪ್ಲಾನೆಟೇರಿಯಂಗೆ ಮಾತ್ರ ಟಿಕೆಟ್ ಇದೆ.

ಮೂರನೆಯದು ಆರ್ಟ್ ಮ್ಯೂಸಿಯಂ, ಎಲ್ಲರೂ ಉಮ್ಮಾ ಅಂತಾರೆ. ಹಳೆಯ ಭಾಗ 1910ರದ್ದು, ಹೊಸ ಭಾಗ 2009ರಲ್ಲಿ ತೆರೆಯಿತು. ಬೇಸಿಗೆಯಲ್ಲಿ ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಹಾಗಾಗಿ ಈ ವರ್ಷ ಏನಿದೆ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ. ಇಲ್ಲಿ ನನ್ನ ಸಲಹೆ ಒಂದೇ. ಒಂದೇ ದಿನದಲ್ಲಿ ಎಲ್ಲ ಕೋಣೆ ಮುಗಿಸಲು ಹೋಗಬೇಡಿ. ಒಂದು ಕೋಣೆ ಸಾಕು, ಅರ್ಧ ಗಂಟೆ ಸಾಕು. ಮಗುವಿನ ಕೈಗೆ ಪೆನ್ಸಿಲ್ ಮತ್ತು ಸಣ್ಣ ಪುಸ್ತಕ ಕೊಡಿ, ಇಷ್ಟ ಆದ ಒಂದು ಚಿತ್ರ ಬರೆಯಲಿ. ಪೆನ್ನು ಒಯ್ಯಬೇಡಿ. ಬೆನ್ನಿಗೆ ಹಾಕುವ ದೊಡ್ಡ ಬ್ಯಾಗ್ ಬೇಡ. ಅಮ್ಮನಿಗೆ ಒಂದು ಶಾಲು ಇರಲಿ, ಬಳ್ಳಾರಿ ಬಿಸಿಲಲ್ಲಿ ಬೆಳೆದವರಿಗೆ ಒಳಗಿನ ಎಸಿ ತಡೆಯೋದು ಕಷ್ಟ. ಟಿಕೆಟ್ ಇಲ್ಲ ಅನ್ನುವುದರ ನಿಜವಾದ ಲಾಭ ಇದೇ, ಮತ್ತೆ ಮುಂದಿನ ವಾರ ಬರಬಹುದು. ದುಡ್ಡು ಕೊಟ್ಟಿದ್ದರೆ ವಸೂಲಿ ಮಾಡಲು ಎಲ್ಲರನ್ನೂ ಸುಸ್ತು ಮಾಡುತ್ತೀವಿ ಅಲ್ವಾ?

ಹೊರಗೂ ನೋಡಲು ಬಹಳ ಇದೆ. ಕ್ಯಾಂಪಸ್ ಮಧ್ಯದಲ್ಲಿ ಒಂದು ಮೂಲೆಯ ಮೇಲೆ ನಿಂತ ದೊಡ್ಡ ಕಪ್ಪು ಉಕ್ಕಿನ ಘನ ಇದೆ, ಶಿಲ್ಪಿ ಟೋನಿ ರೋಸೆಂಥಾಲ್, ವರ್ಷ 1968. ಕೈಯಿಂದ ತಳ್ಳಿದರೆ ತಿರುಗುತ್ತದೆ. ತಳ್ಳಲು ಅನುಮತಿ ಬೇಕಾಗಿಲ್ಲ, ತಳ್ಳಲೆಂದೇ ಇರುವುದು. ನಾರ್ತ್ ಕ್ಯಾಂಪಸ್‌ನಲ್ಲಿ ಮಾಯಾ ಲಿನ್ 1995ರಲ್ಲಿ ಮಾಡಿದ ವೇವ್ ಫೀಲ್ಡ್ ಇದೆ, ನೆಲವನ್ನೇ ಅಲೆಗಳ ಹಾಗೆ ಏರಿಳಿಸಿ ಹುಲ್ಲು ಬೆಳೆಸಿದ್ದಾರೆ. ಚಿಕ್ಕ ಮಕ್ಕಳು ಉರುಳಾಡಲಿ ಬಿಡಿ. ಬರ್ಟನ್ ಟವರ್‌ನಲ್ಲಿ ಕ್ಯಾರಿಲಾನ್ ಇದೆ, ಅಂದರೆ ಹಲವು ಗಂಟೆಗಳನ್ನು ಬಾರಿಸಿ ನುಡಿಸುವ ವಾದ್ಯ, ಕೆಳಗೆ ಹುಲ್ಲಿನ ಮೇಲೆ ಕೂತು ಕೇಳಬಹುದು.

ಜೂನ್‌ನಲ್ಲಿ ಟಾಪ್ ಆಫ್ ದಿ ಪಾರ್ಕ್ ಶುರು ಆಗುತ್ತದೆ. 1984ರಲ್ಲಿ ಶುರುವಾದ ಸಮ್ಮರ್ ಫೆಸ್ಟಿವಲ್‌ನ ಬಯಲು ಭಾಗ ಇದು, ರ‍್ಯಾಕಮ್ ಕಟ್ಟಡದ ಮುಂದೆ ನಡೆಯುತ್ತದೆ, ಕೆಲವು ವಾರ ಇರುತ್ತದೆ. ಸಂಜೆ ಸಂಗೀತ, ಮಕ್ಕಳಿಗೆ ಕೈಕೆಲಸ, ಕತ್ತಲಾದ ಮೇಲೆ ಸಿನಿಮಾ. ಇಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ಗಂಟೆ ದಾಟಿರುತ್ತದೆ, ಹಾಗಾಗಿ ಸಿನಿಮಾ ತಡ. ನಮ್ಮ ಹಳ್ಳಿಯಲ್ಲಿ ಬಯಲಾಟಕ್ಕೆ ಹೋದ ಹಾಗೆ ಹೋಗಿ: ಚಾಪೆ, ಬುತ್ತಿ, ಹೊದಿಕೆ, ನಿದ್ದೆ ಬಂದ ಮಗುವಿಗೆ ಒಂದು ದಿಂಬು. ಒಗ್ಗರಣೆ ಮಂಡಕ್ಕಿ ಒಯ್ದರೆ ಪಕ್ಕದ ಚಾಪೆಯವರಿಗೂ ಸ್ವಲ್ಪ ಕೊಡಿ. ಈ ಊರಲ್ಲಿ ಪರಿಚಯ ಆಗುವುದೇ ಹೀಗೆ. ಶೇಂಗಾ ಹಾಕಿದ್ದರೆ ಮೊದಲೇ ಹೇಳಿ, ಇಲ್ಲಿನ ಎಷ್ಟೋ ಮಕ್ಕಳಿಗೆ ಅಲರ್ಜಿ ಇರುತ್ತದೆ.

ನಾಟಕದ ಹುಚ್ಚು ಇರುವವರು ಜೂನ್‌ನಲ್ಲಿ ನಿಕಲ್ಸ್ ಆರ್ಬೊರೇಟಮ್ ಎನ್ನುವ ಮರಗಳ ತೋಟದಲ್ಲಿ ನಡೆಯುವ ಶೇಕ್ಸ್‌ಪಿಯರ್ ನಾಟಕ ನೋಡಿ. 2001ರಿಂದ ನಡೆಯುತ್ತಿದೆ, ಇದಕ್ಕೆ ಟಿಕೆಟ್ ಉಂಟು. ನಟರು ಮರದಿಂದ ಮರಕ್ಕೆ ಹೋಗುತ್ತಾರೆ, ನಾವೂ ಅವರ ಹಿಂದೆ ನಡೆಯುತ್ತೀವಿ. ಮಾತೆಲ್ಲ ತಿಳಿಯಬೇಕಿಲ್ಲ. ಬಳ್ಳಾರಿ ರಾಘವರು ಶೇಕ್ಸ್‌ಪಿಯರ್ ಪಾತ್ರಗಳನ್ನು ಮಾಡಿ ಮೆಚ್ಚುಗೆ ಪಡೆದವರು, ಅವರ ಊರಿನವರು ನಾವು. ಕಥೆಯನ್ನು ಮೊದಲೇ ಮನೆಯಲ್ಲಿ ಕನ್ನಡದಲ್ಲಿ ಹೇಳಿಕೊಂಡು ಹೋದರೆ ಅಪ್ಪ ಅಮ್ಮನೂ ಕೊನೆವರೆಗೆ ಇರುತ್ತಾರೆ. ಏರು ದಾರಿ ಇದೆ, ಮಂಡಿ ನೋವಿನವರಿಗೆ ಬೇಡ. ಅದೇ ತೋಟದಲ್ಲಿ 1927ರಿಂದ ಪಿಯೋನಿ ಹೂವಿನ ತಾಕು ಇದೆ, ಮೇ ಕೊನೆಯಿಂದ ಜೂನ್ ಮಧ್ಯದೊಳಗೆ ನೋಡಬೇಕು, ಆಮೇಲೆ ಹೂ ಇರುವುದಿಲ್ಲ. ಎತ್ತರದ ಹುಲ್ಲಿನಲ್ಲಿ ಓಡಾಡಿ ಬಂದ ಮೇಲೆ ಮಕ್ಕಳ ಕಾಲು, ಕುತ್ತಿಗೆ, ಕಿವಿಯ ಹಿಂದೆ ಉಣ್ಣಿ ಹುಳು ಕಚ್ಚಿದೆಯಾ ಅಂತ ತಪ್ಪದೆ ನೋಡಿ. ಇಲ್ಲಿ ಅದರಿಂದ ಲೈಮ್ ಕಾಯಿಲೆ ಬರಬಹುದು.

ಜುಲೈ ಅಂದರೆ ಆರ್ಟ್ ಫೇರ್. 1960ರಲ್ಲಿ ಶುರುವಾದದ್ದು, ಈಗ ಊರಿನ ಮಧ್ಯದ ಬೀದಿಗಳನ್ನೆಲ್ಲ ಮುಚ್ಚಿ ನೂರಾರು ಕಲಾವಿದರು ಅಂಗಡಿ ಹಾಕುತ್ತಾರೆ. ಪ್ರವೇಶ ಉಚಿತ. ಕಾರು ಒಳಗೆ ತರುವ ಸಾಹಸ ಬೇಡ, ಊರ ಹೊರಗೆ ನಿಲ್ಲಿಸಿ ಶಟಲ್ ಬಸ್ ಹಿಡಿಯಿರಿ. ಬೆಳಿಗ್ಗೆ ಬೇಗ ಹೋಗಿ. ಇಲ್ಲಿನ ಮೂವತ್ತು ಡಿಗ್ರಿ ನಮಗೆ ಬಿಸಿಲೇ ಅಲ್ಲ ಅನ್ನಿಸುತ್ತದೆ, ಆದರೆ ಸೆಕೆ ಬೇರೆ ಥರ, ಮಧ್ಯಾಹ್ನ ಗುಡುಗು ಮಳೆ ಸುರಿದರೂ ಸುರಿಯಿತು. ಈ ಜಾತ್ರೆಯಲ್ಲಿ ಕೊಳ್ಳಲೇಬೇಕು ಅಂತಿಲ್ಲ. ಅಲ್ಲಿ ನಿಂತಿರುವವರೇ ಅದನ್ನು ಮಾಡಿದವರು, ಹಾಗಾಗಿ ಮಾತಾಡಿಸಿ. ಹೇಗೆ ಮಾಡಿದಿರಿ, ಯಾವ ಮರ, ಎಷ್ಟು ದಿನ ಹಿಡಿಯಿತು ಅಂತ ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಫೋಟೊ ತೆಗೆಯುವ ಮುಂಚೆ ಕೇಳಿ. ಚೌಕಾಸಿ ಮಾಡಬೇಡಿ, ಅದು ಅವರ ದುಡಿಮೆ. ಕೊಪ್ಪಳದವರು ಕಿನ್ನಾಳದ ಗೊಂಬೆಯ ಒಂದು ಫೋಟೊ ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಮೆತ್ತಿ, ಬಣ್ಣ ಹಚ್ಚುವ ಚಿತ್ರಗಾರರ ಕೆಲಸ ಅದು ಅಂತ ಮರದ ಕೆಲಸದವರಿಗೆ ಹೇಳಿ ನೋಡಿ, ಅವರೇ ನಿಮ್ಮನ್ನು ನಿಲ್ಲಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ಇಂಗ್ಲಿಷ್ ಮಾತಾಡಲು ಹೆದರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಲೈಬ್ರರಿ ಕಾರ್ಡನ್ನು ಬಂದ ಮೊದಲ ವಾರದಲ್ಲೇ ಮಾಡಿಸಿ. ಊರಿನಲ್ಲಿ ವಾಸ ಇರುವವರಿಗೆ ದುಡ್ಡಿಲ್ಲ, ಗುರುತಿನ ಚೀಟಿ ಮತ್ತು ವಿಳಾಸದ ಕಾಗದ ಸಾಕು. ಪುಸ್ತಕ ಮಾತ್ರ ಅಲ್ಲ, ಟೆಲಿಸ್ಕೋಪ್, ಸಂಗೀತದ ವಾದ್ಯ, ಗೋಡೆಗೆ ಹಾಕುವ ಚಿತ್ರ ಕೂಡ ಎರವಲು ಕೊಡುತ್ತಾರೆ. 2011ರಿಂದ ಬೇಸಿಗೆಯಲ್ಲಿ ಸಮ್ಮರ್ ಗೇಮ್ ಅಂತ ಆಟ ನಡೆಸುತ್ತಾರೆ. ಊರ ತುಂಬಾ ಅಂಗಡಿ, ಪಾರ್ಕು, ಮನೆಗಳ ಮುಂದಿನ ಹುಲ್ಲಿನಲ್ಲಿ ಗುಪ್ತ ಕೋಡ್ ಇಟ್ಟಿರುತ್ತಾರೆ, ಹುಡುಕಿ ಹಾಕಿದರೆ ಪಾಯಿಂಟ್, ಪಾಯಿಂಟ್‌ಗೆ ಬಹುಮಾನ. ಹೊಸ ಊರಿನ ಬೀದಿ ಪರಿಚಯ ಆಗಲು ಇದಕ್ಕಿಂತ ಸುಲಭ ದಾರಿ ನನಗೆ ಗೊತ್ತಿಲ್ಲ. ದೊಡ್ಡವರೂ ಆಡಬಹುದು. ಅದೇ ಕಾರ್ಡಿನಿಂದ ಮಿಶಿಗನ್ ಆ್ಯಕ್ಟಿವಿಟಿ ಪಾಸ್ ಪಡೆದು ರಾಜ್ಯದ ಬೇರೆ ಮ್ಯೂಸಿಯಂ, ಪಾರ್ಕ್‌ಗಳಿಗೆ ರಿಯಾಯಿತಿಯಲ್ಲಿ ಹೋಗಬಹುದು. ಹ್ಯಾಂಡ್ಸ್ ಆನ್ ಮ್ಯೂಸಿಯಂ ಅಂತ ಹಳೆಯ ಅಗ್ನಿಶಾಮಕ ಠಾಣೆಯಲ್ಲಿ 1982ರಲ್ಲಿ ತೆರೆದ ವಿಜ್ಞಾನದ ಜಾಗ ಇದೆ, ಪುಟ್ಟ ಮಕ್ಕಳಿಗೆ ತುಂಬಾ ಹಿಡಿಸುತ್ತದೆ, ಅದಕ್ಕೆ ಟಿಕೆಟ್ ಇದೆ.

ಸಮ್ಮರ್ ಕ್ಯಾಂಪ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ದುಬಾರಿ. ಚಿತ್ರಕಲೆ ಬೇಕಿದ್ದರೆ ಲಿಬರ್ಟಿ ಸ್ಟ್ರೀಟ್‌ನ ಆ್ಯನ್ ಆರ್ಬರ್ ಆರ್ಟ್ ಸೆಂಟರ್ ಇದೆ, 1909ರಷ್ಟು ಹಳೆಯ ಸಂಸ್ಥೆ. ಶಾಲೆಗಳ ರೆಕ್ ಆ್ಯಂಡ್ ಎಡ್ ವಿಭಾಗ ಕೂಡ ಕ್ಯಾಂಪ್ ನಡೆಸುತ್ತದೆ. ಮೇ ತಿಂಗಳಲ್ಲಿ ಹುಡುಕಿದರೆ ಒಳ್ಳೆಯವು ತುಂಬಿಹೋಗಿರುತ್ತವೆ, ಚಳಿಗಾಲದಲ್ಲೇ ಹೆಸರು ಬರೆಸಬೇಕು. ಸಿಗದಿದ್ದರೆ ಚಿಂತೆ ಬೇಡ. ಕ್ಯಾಂಪ್ ಇಲ್ಲದ ಮಗುವಿಗೆ ಮೇಲೆ ಹೇಳಿದ್ದರಲ್ಲೇ ಪೂರ್ತಿ ರಜೆ ಕಳೆಯುತ್ತದೆ, ಅದೂ ಅಜ್ಜ ಅಜ್ಜಿಯ ಜೊತೆ.

ಕೊನೆಗೆ ಒಂದು ದಿನ ಡೆಟ್ರಾಯ್ಟ್‌ಗೆ ಇಡಿ. ಕಾರಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್‌ನಲ್ಲಿ ಮೆಕ್ಸಿಕೊದ ಡಿಯಾಗೊ ರಿವೇರಾ 1932-33ರಲ್ಲಿ ಬರೆದ ಭಿತ್ತಿಚಿತ್ರಗಳಿವೆ. ಒಂದು ಅಂಗಳದ ನಾಲ್ಕೂ ಗೋಡೆ, 27 ಭಾಗ, ಫೋರ್ಡ್ ಕಾರ್ಖಾನೆಯ ಕೆಲಸಗಾರರು. ಎತ್ತರದಲ್ಲಿ ನಾಲ್ಕು ದೊಡ್ಡ ಆಕೃತಿಗಳು ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣದಕಲ್ಲು, ಮರಳು ಹಿಡಿದಿವೆ, ಉಕ್ಕು ಮಾಡಲು ಬೇಕಾದವು. ಸಂಡೂರಿನ ಕೆಂಪು ಮಣ್ಣು ನೋಡಿದವರಿಗೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಹಟ್ಟಿಯ ಗಣಿಯಲ್ಲೋ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೋ ದುಡಿದವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಕುಲುಮೆ ಎಲ್ಲಿ, ಬೆಂಕಿಯ ಮುಂದೆ ನಿಂತವರ ಬೆನ್ನು ಯಾಕೆ ಹಾಗೆ ಬಾಗಿದೆ, ಪಾಳಿ ಬದಲಾಗುವಾಗ ಏನಾಗುತ್ತದೆ, ಎಲ್ಲ ಅವರಿಗೆ ಗೊತ್ತು. ಅಂಥ ಅಪ್ಪನೋ ಮಾವನೋ ನಿಮ್ಮ ಮನೆಗೆ ಬಂದಿದ್ದರೆ ಈ ಬೇಸಿಗೆಯಲ್ಲಿ ಬೇರೇನು ಬಿಟ್ಟರೂ ಇದನ್ನು ಬಿಡಬೇಡಿ, ಮಧ್ಯದಲ್ಲಿ ಕೂರಿಸಿ ಮಕ್ಕಳಿಗೆ ಗೋಡೆ ಗೋಡೆಯಾಗಿ ಹೇಳಲಿ. ಅಕ್ಕಪಕ್ಕದ ಮೂರು ಕೌಂಟಿಯವರಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಪ್ರವೇಶ ಉಚಿತ, ನಮ್ಮ ವಾಷ್ಟೆನಾ ಕೌಂಟಿ ಅದರಲ್ಲಿ ಇಲ್ಲ, ಹಾಗಾಗಿ ಟಿಕೆಟ್ ತೆಗೆದುಕೊಳ್ಳಬೇಕು. ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ. ಇಲ್ಲಿನ ಕೆಲ್ಸೀ, ಉಮ್ಮಾಗಳಿಗೂ ಸೋಮವಾರ ರಜೆ.