ಸಂಧಿವಾತದ ಕೈಯಲ್ಲಿ ಕುಂಚ ಹಿಡಿಯುವ ಬಗೆ

ರುಮಟಾಯ್ಡ್ ಸಂಧಿವಾತ ಇರುವವರಿಗೆ ಚಿತ್ರದ ಕೆಲಸ ತಪ್ಪಿಹೋಗುವುದು ಹೆಚ್ಚಾಗಿ ಒಳ್ಳೆಯ ದಿನಗಳಿಂದಲೇ. ನೋವು ಕಡಿಮೆಯಿದೆ ಎಂದು ಮೂರು ಗಂಟೆ ಒಂದೇ ಸಮ ಕೂತರೆ, ಮುಂದಿನ ನಾಲ್ಕು ದಿನ ಲೋಟ ಹಿಡಿಯುವುದೂ ಕಷ್ಟ. ಅದಕ್ಕೇ ಯಾವಾಗ ಬೇಕಾದರೂ ಕೆಳಗಿಟ್ಟು ಏಳಬಹುದಾದ ಹಾಗೆ ಕೆಲಸ ಹೊಂದಿಸಿಕೊಳ್ಳಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆಯಲ್ಲೇ ಕೂತು ಜಲವರ್ಣದಲ್ಲಿ ಚಿತ್ರ ಬರೆಯುವವರಿಗಾಗಿ ಇದು.

ಮೊದಲು ಹೊತ್ತು ನೋಡಿಕೊಳ್ಳಿ. ಈ ಕಾಯಿಲೆಯಲ್ಲಿ ಬೆಳಗಿನ ಬಿಗಿತ ಸಾಮಾನ್ಯವಾಗಿ ಒಂದು ಗಂಟೆಗೂ ಮಿಕ್ಕಿ ಇರುತ್ತದೆ. ಹತ್ತೂವರೆಗೆ ಮುಂಚೆ ಕುಂಚ ಮುಟ್ಟಬೇಡಿ. ಧನುರ್ಮಾಸದ ಚಳಿಯಲ್ಲಿ ಹನ್ನೊಂದಾದರೂ ಸರಿ. ಶುರು ಮಾಡುವ ಮುಂಚೆ ಹದ ಬಿಸಿಯ ನೀರಲ್ಲಿ ಐದಾರು ನಿಮಿಷ ಕೈ ಅದ್ದಿ, ಬೆರಳು ಮಡಿಚಿ ಬಿಚ್ಚಿ. ಕೀಲು ಊದಿ ಕೆಂಪಾಗಿ ಬೆಚ್ಚಗಿದ್ದರೆ ಮಾತ್ರ ಬಿಸಿನೀರು ಬೇಡ. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಬಿಡುವು, ಹೀಗೆ ಎರಡು ಸುತ್ತು ಸಾಕು. ಮೊಬೈಲಿನಲ್ಲಿ ಅಲಾರಂ ಇಡಿ, ಏಕೆಂದರೆ ಬಣ್ಣ ಹರಿಯುವಾಗ ನೋವು ಗೊತ್ತಾಗುವುದಿಲ್ಲ. ಕೆಲಸ ನಿಲ್ಲಿಸಿದ ಎರಡು ಗಂಟೆಯ ಮೇಲೂ ನೋವು ಮೊದಲಿಗಿಂತ ಹೆಚ್ಚಾಗಿಯೇ ಉಳಿದಿದ್ದರೆ ಅಳತೆ ಮೀರಿದೆ ಎಂದರ್ಥ. ಮಾರನೆಯ ದಿನ ಒಂದೇ ಸುತ್ತು ಮಾಡಿ.

ಮನೆಗೆಲಸವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಮುದ್ದೆ ತಿರುವುವುದು, ಬಟ್ಟೆ ಹಿಂಡುವುದು, ತೆಂಗಿನಕಾಯಿ ತುರಿಯುವುದು, ಇವೆಲ್ಲಕ್ಕೂ ಬೇಕಾದದ್ದು ಅದೇ ಬೆರಳು, ಅದೇ ಮಣಿಕಟ್ಟು. ಚಿತ್ರಕ್ಕೆ ಕೂರುವ ದಿನ ಮುದ್ದೆ ಕೋಲು ಬೇರೆಯವರ ಕೈಗೆ ಹೋಗಲಿ ಎಂದು ಮನೆಯವರಿಗೆ ಹಿಂದಿನ ರಾತ್ರಿಯೇ ಹೇಳಿಬಿಡಿ. "ನೋಡೋಕೆ ಚೆನ್ನಾಗೇ ಇದೀಯಲ್ಲ" ಅನ್ನುವವರ ಜೊತೆ ಒಲೆ ಮುಂದೆ ನಿಂತು ವಾದ ಮಾಡುವುದಕ್ಕಿಂತ ಅದು ಸುಲಭ.

ಕುಂಚದ ಹಿಡಿ ದಪ್ಪ ಮಾಡುವುದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಕೆಲಸ. ಸಣ್ಣ ಕಡ್ಡಿ ಹಿಡಿಯಲು ಬೆರಳ ತುದಿಗಳು ಬಿಗಿಯಾಗಿ ಚಿವುಟಬೇಕು, ಕೀಲಿಗೆ ಭಾರ ಬೀಳುವುದು ಅಲ್ಲೇ. ಎ.ಸಿ. ರಿಪೇರಿ ಅಂಗಡಿಯಲ್ಲಿ ತಾಮ್ರದ ಪೈಪಿಗೆ ಹಾಕುವ ಕಪ್ಪು ಫೋಮ್ ಕೊಳವೆ ಸಿಗುತ್ತದೆ. ಕಾಲು ಇಂಚು ಪೈಪಿನದು, 9 ಮಿ.ಮೀ. ದಪ್ಪದ್ದು ಕೇಳಿ, ಹೊರಗಿನ ಅಳತೆ ಸುಮಾರು 24 ಮಿ.ಮೀ. ಆಗುತ್ತದೆ. ಹತ್ತು ಸೆಂ.ಮೀ. ಉದ್ದ ಕತ್ತರಿಸಿ, ಕುಂಚದ ಲೋಹದ ಪಟ್ಟಿಯಿಂದ ಒಂದು ಸೆಂ.ಮೀ. ಹಿಂದಕ್ಕೆ ತೂರಿಸಿ. ಸಡಿಲವಾದರೆ ಹಿಡಿಗೆ ರಬ್ಬರ್ ಬ್ಯಾಂಡ್ ಸುತ್ತಿ ಮತ್ತೆ ತೂರಿಸಿ. ಕುಂಚ ಒಳಗೆ ತಿರುಗುತ್ತಿದ್ದರೆ ಇನ್ನೂ ಬಿಗಿ ಹಿಡಿಯಬೇಕಾಗಿ ಬಂದು ಮಾಡಿದ್ದೆಲ್ಲ ದಂಡ. ಪಟ್ಟಿಗೆ ತಾಗಿಸಿದರೆ ಫೋಮಿನೊಳಗೆ ನೀರು ಇಳಿದು ಬೂಷ್ಟು ಹಿಡಿಯುತ್ತದೆ, ಹಿಡಿಯ ಬಣ್ಣ ಸುಲಿಯುತ್ತದೆ. ವಾರಕ್ಕೊಮ್ಮೆ ಬಿಚ್ಚಿ ನೆರಳಲ್ಲಿ ಒಣಗಿಸಿ. ಪೆನ್ಸಿಲಿಗೂ ಇದೇ ಉಪಾಯ. ಎಚ್‌ಬಿ ಬದಲು 4ಬಿ ತೆಗೆದುಕೊಂಡರೆ ಒತ್ತದೆಯೇ ಗೆರೆ ಮೂಡುತ್ತದೆ.

ಟ್ಯೂಬಿನ ಮುಚ್ಚಳ ಇನ್ನೊಂದು ಶತ್ರು. ಬಣ್ಣ ಒಣಗಿ ಅಂಟಿಕೊಂಡರೆ ಗಟ್ಟಿ ಕೈಯವರಿಗೂ ತಿರುಗುವುದಿಲ್ಲ. ತಿಂಗಳಿಗೊಮ್ಮೆ ಯಾರಿಂದಾದರೂ ಪ್ಯಾಲೆಟ್ಟಿನ ಗುಳಿಗಳಿಗೆ ಬಣ್ಣ ತುಂಬಿಸಿ, ಒಂದೊಂದಕ್ಕೂ ಒಂದು ತೊಟ್ಟು ಗ್ಲಿಸರಿನ್ ಬೆರೆಸಿ, ಎರಡು ದಿನ ಒಣಗಲು ಬಿಡಿ. ಗ್ಲಿಸರಿನ್ ಇಲ್ಲದಿದ್ದರೆ ನಮ್ಮ ಕಡೆಯ ಫೆಬ್ರವರಿ-ಮಾರ್ಚಿನ ಒಣಹವೆಗೆ ಬಣ್ಣ ಬಿರುಕು ಬಿಟ್ಟು ಉದುರುತ್ತದೆ; ಜಾಸ್ತಿ ಹಾಕಿದರೆ ಅಂಟಂಟಾಗಿ ಒಣಗುವುದೇ ಇಲ್ಲ.

ನೀರಿನ ಮಾತು ಬೇರೆಯೇ. ಇಲ್ಲಿಯ ಬೋರ್‌ವೆಲ್ ನೀರು ಗಡಸು. ಗಾಢ ಬಣ್ಣ ಒಣಗಿದ ಮೇಲೆ ಬಿಳಿ ಪುಡಿ ಕೂತಂತೆ ಕಂಡರೆ ಕಾಗದವನ್ನು ಬೈಯಬೇಡಿ, ಅದು ನೀರಿನ ಉಪ್ಪು. ಕುಡಿಯಲು ತರುವ ಶುದ್ಧೀಕರಣ ಘಟಕದ ನೀರನ್ನೇ ಬಳಸಿ. ಹಗುರವಾದ, ಬಾಯಗಲದ ಎರಡು ಪ್ಲಾಸ್ಟಿಕ್ ಡಬ್ಬಿಗೆ ಕಾಲು ಲೀಟರಿನಷ್ಟು ಹಾಕಿದರೆ ಸಾಕು, ಎತ್ತಿ ಚೆಲ್ಲಲು ಒಂದು ಕೈ ಸಾಲುತ್ತದೆ.

ಕಾಗದ 300 ಜಿಎಸ್‌ಎಂನ ದಪ್ಪದ್ದೇ ಆಗಲಿ, ಎ5 ಅಳತೆಯಲ್ಲಿ (ಎ4 ಹಾಳೆಯ ಅರ್ಧ). ತೆಳು ಕಾಗದ ಒದ್ದೆಯಾದರೆ ಉಬ್ಬುತ್ತದೆ, ಅದನ್ನು ನೆನೆಸಿ ಎಳೆದು ಹಲಗೆಗೆ ಅಂಟಿಸುವ ಕೆಲಸಕ್ಕೇ ಕೈ ಸೋತುಹೋಗುತ್ತದೆ. 45 ಸೆಂ.ಮೀ. ಹಲಗೆಯ ಹಿಂದಿನ ಅಂಚನ್ನು 12 ಸೆಂ.ಮೀ. ಎತ್ತರಿಸಿದರೆ ಸುಮಾರು ಹದಿನೈದು ಡಿಗ್ರಿ ಇಳಿಜಾರು ಬರುತ್ತದೆ. ಕತ್ತು ಬಗ್ಗುವುದು ಕಡಿಮೆಯಾಗುತ್ತದೆ. ಮೊಣಕೈ ಕೆಳಗೆ ಮಡಿಚಿದ ಟವೆಲ್ ಇಟ್ಟು, ಮಣಿಕಟ್ಟು ನೇರವಾಗಿರಿಸಿ, ಉದ್ದ ಗೆರೆಗಳನ್ನು ಭುಜದಿಂದ ಎಳೆಯಿರಿ.

ಏನನ್ನು ಬರೆಯುವುದು? ನಿಮಗಾಗಿ ಕಾಯುವಂಥದ್ದನ್ನು. ದಾಸವಾಳ ಸಂಜೆಗೆ ಮುದುಡುತ್ತದೆ, ಆತುರ ಹುಟ್ಟಿಸುತ್ತದೆ. ಒಣಗಿದ ರಾಗಿ ತೆನೆ ತಿಂಗಳಾದರೂ ಹಾಗೇ ಇರುತ್ತದೆ. ಶಿಡ್ಲಘಟ್ಟದ ಕಡೆ ಗುರುತಿನವರಿದ್ದರೆ ಚಿಟ್ಟೆ ಹೊರಬಂದು ತೂತಾದ ರೇಷ್ಮೆಗೂಡು ಕೇಳಿ ತರಿಸಿ. ಬಿಳಿಯೊಳಗಿನ ನೆರಳು ಕಲಿಯಲು ಅಷ್ಟು ಚೆಲುವಾದ ವಸ್ತು ಇನ್ನೊಂದಿಲ್ಲ. ಒಂದು ದಿನ ಗೆರೆ, ಇನ್ನೊಂದು ದಿನ ತೆಳು ಬಣ್ಣ, ಮತ್ತೊಂದು ದಿನ ನೆರಳು ಎಂದು ಭಾಗ ಮಾಡಿಕೊಳ್ಳಿ. ಯಾವ ಬಣ್ಣಕ್ಕೆ ಯಾವುದು ಬೆರೆಸಿದಿರಿ ಎಂಬುದನ್ನು ಕಾಗದದ ಚೂರಿಗೆ ಬಳಿದು, ಹೆಸರು ಬರೆದು, ಚಿತ್ರದ ಹಿಂದೆ ಕ್ಲಿಪ್ ಹಾಕಿ. ಹತ್ತು ದಿನ ಮಲಗಿ ಎದ್ದ ಮೇಲೆ ಅದೇ ಹಸಿರು ನೆನಪಿನಿಂದ ಬರುವುದಿಲ್ಲ.

ಮಾತ್ರೆಗಳನ್ನೂ ಗಮನದಲ್ಲಿಡಿ. ಈ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ವಾರದ ಮಾತ್ರೆ ತೆಗೆದುಕೊಂಡ ಮಾರನೆಯ ದಿನ ಹಲವರಿಗೆ ಸುಸ್ತು, ವಾಕರಿಕೆ ಇರುತ್ತದೆ, ಆ ದಿನ ಚಿತ್ರಕ್ಕೆ ರಜೆ ಕೊಡಿ. ಟರ್ಪೆಂಟೈನ್ ವಾಸನೆ ವಾಕರಿಕೆ ಹೆಚ್ಚಿಸುವುದರಿಂದ ತೈಲವರ್ಣ ಬೇಡವೇ ಬೇಡ. ಇದೇ ಕಾಯಿಲೆಯ ಇನ್ನೊಂದು ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುವವರು ಮೊದಲ ವರ್ಷದೊಳಗೆ ಒಮ್ಮೆ, ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಬೇಕು, ಮೂತ್ರಪಿಂಡದ ತೊಂದರೆ ಇದ್ದರೆ ಇನ್ನೂ ಬೇಗ. ಬಣ್ಣಗಳ ವ್ಯತ್ಯಾಸ ಮಸುಕಾಗುತ್ತಿದೆ ಅನ್ನಿಸಿದರೆ ಆ ಸರದಿಗೆ ಕಾಯಬೇಡಿ. ಡಾಕ್ಟರನ್ನು ನೋಡಲು ಬೆಂಗಳೂರಿಗೆ ಹೋಗಿ ಬರುವ ದಿನಕ್ಕೆ, ಅದರ ಮಾರನೆಯ ದಿನವನ್ನೂ ಸೇರಿಸಿ ಎರಡು ದಿನ ಬಿಟ್ಟುಬಿಡಿ.

ಯಾರಾದರೂ ಚಿತ್ರ ಕೊಳ್ಳುತ್ತೇವೆ ಅಂದರೆ, ಮುಗಿಸಿಟ್ಟ ಚಿತ್ರಗಳನ್ನೇ ತೋರಿಸಿ. ಇಂಥ ತಾರೀಖಿಗೆ ಬರೆದುಕೊಡುತ್ತೇನೆ ಎಂದು ಮುಂಗಡ ಹಿಡಿಯಬೇಡಿ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಹೋಗುವ ಆಸೆ ಇದ್ದರೆ, ಇಡೀ ದಿನ ರಸ್ತೆಬದಿ ಕೂರಬಲ್ಲ ಇನ್ನೊಬ್ಬರನ್ನು ಜೊತೆಗೆ ಒಪ್ಪಿಸಿಕೊಂಡ ಮೇಲೆ ಅರ್ಜಿ ಹಾಕಿ.